ಲಾರ್‌ಗೆ ಬೆಂಕಿ, ಗೆನಿಯುಸ್‌ಗೆ ದ್ರಾಕ್ಷಾರಸ: ಮನೆಯಲ್ಲಿ ರೋಮನ್ ಪೂಜೆ ಶುರು ಮಾಡುವ ಬಗೆ

ರೋಮನ್ನರ ಮನೆಪೂಜೆಗೆ ಸಿಗುವ ಅತಿ ಚಿಕ್ಕ ಕೈಪಿಡಿ ಯಾವುದು ಗೊತ್ತಾ? ಅದನ್ನು ನಿಷೇಧಿಸಿದ ಕಾನೂನು. ಕ್ರಿ.ಶ. 392ರ ನವೆಂಬರ್ 8ರಂದು ಚಕ್ರವರ್ತಿ ಥಿಯೋಡೋಸಿಯಸ್ ಹೆಸರಿನಲ್ಲಿ ಹೊರಬಿದ್ದ ಆಜ್ಞೆ ಹೇಳುವುದಿಷ್ಟು: ಯಾರೂ, ಗುಟ್ಟಾಗಿ ಕೂಡ, ಮನೆ ಕಾಯುವ ದೇವರಾದ ಲಾರ್‌ನನ್ನು ಬೆಂಕಿಯಿಂದ ಪೂಜಿಸಕೂಡದು. ಯಜಮಾನನ ಜೀವಶಕ್ತಿಯಾದ ಗೆನಿಯುಸ್‌ನನ್ನು ದ್ರಾಕ್ಷಾರಸದಿಂದ, ಉಗ್ರಾಣದ ದೇವರುಗಳಾದ ಪೆನಾತೇಸ್‌ರನ್ನು ಸುವಾಸನೆಯಿಂದ ಪೂಜಿಸಕೂಡದು. ದೀಪ ಹಚ್ಚಕೂಡದು, ಧೂಪ ಹಾಕಕೂಡದು, ಹೂಮಾಲೆ ತೂಗುಹಾಕಕೂಡದು.

ಈಗ ಆ 'ಕೂಡದು'ಗಳನ್ನೆಲ್ಲ ತೆಗೆದು ಇನ್ನೊಮ್ಮೆ ಓದಿ. ಪೂಜಾವಿಧಿ ಕೈಗೆ ಬಂತು ಅಲ್ವಾ? ಇಂದು ಇಟಲಿಯಲ್ಲಿ, ಅಮೆರಿಕದಲ್ಲಿ, ಬೇರೆ ಕಡೆಗಳಲ್ಲಿ ಹಳೆಯ ರೋಮನ್ ದೇವರುಗಳನ್ನು ಮತ್ತೆ ಪೂಜಿಸುತ್ತಿರುವ ಜನ ಹೆಚ್ಚುಕಡಿಮೆ ಇಷ್ಟನ್ನೇ ಮಾಡುತ್ತಾರೆ. ನಾನು ಲ್ಯಾಟಿನ್ ಕಲಿಯಲು ಹೋಗಿ ಇದರೊಳಗೆ ಬಿದ್ದವನು. ಓದಿದ್ದು, ಮಾಡಿ ನೋಡಿದ್ದು, ಕೆಡಿಸಿಕೊಂಡದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ದೇವರ ಹೆಸರುಗಳನ್ನು ಲ್ಯಾಟಿನ್ ಉಚ್ಚಾರಣೆಯಲ್ಲೇ ಇಟ್ಟಿದ್ದೇನೆ. ದೇವರುಗಳ ರಾಜ ಜುಪಿಟರ್ ಇಲ್ಲಿ ಯುಪ್ಪಿತೆರ್, ಅವನ ಹೆಂಡತಿ ಜೂನೋ ಯೂನೋ, ಬಾಗಿಲಿನ ದೇವರು ಜೇನಸ್ ಯಾನುಸ್.

ಶುರುವಿಗೆ ಮುಂಚೆ: ಇದು ಏನು, ಏನಲ್ಲ

ಪ್ರತಿ ಏಪ್ರಿಲ್ 21ರಂದು, ಅಂದರೆ ರೋಮ್ ನಗರದ ಹುಟ್ಟುಹಬ್ಬದ ಸುಮಾರಿಗೆ, ಅಲ್ಲಿನ ಚಿರ್ಕೋ ಮಾಸ್ಸಿಮೋ ಬಯಲಿನಲ್ಲಿ ಸೈನಿಕರ, ಪುರೋಹಿತೆಯರ ವೇಷ ತೊಟ್ಟವರ ಮೆರವಣಿಗೆ ನಡೆಯುತ್ತದೆ. ಬಹುಪಾಲು ಇತಿಹಾಸಪ್ರೇಮಿಗಳು. ಸಂಜೆ ವೇಷ ಕಳಚಿ ಪಿಜ್ಜಾ ತಿನ್ನಲು ಹೋಗುತ್ತಾರೆ. ಅದು ತಪ್ಪಲ್ಲ, ಆದರೆ ಪೂಜೆ ಅಲ್ಲ. ನಾವು ಮಾತಾಡುತ್ತಿರುವುದು ವೇಷವಿಲ್ಲದೆ, ಮನೆಯ ಮೂಲೆಯಲ್ಲಿ, ತಿಂಗಳಿಗೆ ಮೂರು ಸಲವಾದರೂ ತಪ್ಪದೆ ಧೂಪ ಹಾಕುವವರ ಬಗ್ಗೆ. ಇವರು ಇದನ್ನು 'ಕುಲ್ತುಸ್ ದೆಓರುಮ್', ಅಂದರೆ ದೇವರುಗಳ ಆರೈಕೆ, ಅನ್ನುತ್ತಾರೆ. 'ಕುಲ್ತುಸ್' ಹುಟ್ಟಿದ್ದು 'ಕೊಲೆರೆ' ಎಂಬ ಕ್ರಿಯಾಪದದಿಂದ. (ಗಾಬರಿಯಾಗಬೇಡಿ, ಕನ್ನಡದ ಕೊಲೆಗೂ ಇದಕ್ಕೂ ನಂಟಿಲ್ಲ.) ಹೊಲ ಉಳುವುದಕ್ಕೂ ಅದೇ ಮಾತು, ದೇವರನ್ನು ನೋಡಿಕೊಳ್ಳುವುದಕ್ಕೂ ಅದೇ ಮಾತು. ಹೊಲ ನಂಬಿದರೆ ಬೆಳೆಯುವುದಿಲ್ಲ, ಉತ್ತರೆ ಬೆಳೆಯುತ್ತದೆ. ಈ ಧರ್ಮದ ಮನಸ್ಸು ಇರುವುದೇ ಹಾಗೆ. ನೀವು ಏನನ್ನು ನಂಬುತ್ತೀರಿ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ, ಕ್ರಮ ಬಿಡದೆ ಮಾಡಿದಿರಾ ಎನ್ನುವುದೇ ಪ್ರಶ್ನೆ.

ಇದು ಅಜ್ಜನಿಂದ ಮೊಮ್ಮಗನಿಗೆ ಬಂದ ಪರಂಪರೆ ಅಲ್ಲ. ಕೊಂಡಿ ಕಳಚಿಹೋಗಿತ್ತು. 382ರಲ್ಲಿ ಚಕ್ರವರ್ತಿ ಗ್ರಾಷಿಯನ್ ಸೆನೆಟ್ ಭವನದಿಂದ ವಿಜಯದೇವಿಯ ಬಲಿಪೀಠ ತೆಗೆಸಿದ. ಎರಡು ವರ್ಷದ ಮೇಲೆ ಸಿಮ್ಮಾಕಸ್ ಎಂಬ ಸೆನೆಟರ್ ಅದನ್ನು ವಾಪಸ್ ಇಡಿ ಎಂದು ಬೇಡಿಕೊಂಡ, ಸಿಗಲಿಲ್ಲ. ಆಮೇಲೆ ಬಂದದ್ದೇ 392ರ ಕಾನೂನು. ಪುನರುಜ್ಜೀವನದ ಕಾಲದಲ್ಲಿ, 1468ರಲ್ಲಿ, ಪೊಂಪೋನಿಯೊ ಲೆತೊ ಎಂಬ ವಿದ್ವಾಂಸನ ಬಳಗವನ್ನು ಪೋಪ್ 2ನೆಯ ಪೌಲ್ ಜೈಲಿಗೆ ಹಾಕಿಸಿದ. ಇವರು ಪೋಪ್ ವಿರುದ್ಧ ಸಂಚು ಮಾಡುತ್ತಿದ್ದಾರೆ, ಹಳೆಯ ದೇವರ ಕಡೆ ವಾಲಿದ್ದಾರೆ ಎಂಬ ಗುಮಾನಿ. 20ನೆಯ ಶತಮಾನದ ಮೊದಲಲ್ಲಿ ರೋಮನ್ ಫೋರಮ್ ಅಗೆದ ಜಾಕೊಮೊ ಬೋನಿಗೂ ಈ ಗೀಳು ಇತ್ತು. ಅವನ ಸಮಾಧಿ ಇರುವುದು ರೋಮಿನ ಪಾಲಟೈನ್ ಗುಡ್ಡದ ಮೇಲೇ. ಇಂಟರ್ನೆಟ್ ಬಂದಮೇಲೆ, 1998ರಲ್ಲಿ, ಅಮೆರಿಕದಲ್ಲಿ 'ನೋವಾ ರೋಮಾ' ಎಂಬ ಗುಂಪು ಶುರುವಾಯಿತು. ಇಟಲಿಯ ಗುಂಪುಗಳದ್ದು ಬೇರೆ ದಾರಿ. ಹಾಗಾಗಿ 'ಇದೇ ಶಾಸ್ತ್ರ' ಅಂತ ಯಾರಾದರೂ ಗದರಿದರೆ ಹೆದರಬೇಡಿ. ಎಲ್ಲರೂ ಪುಸ್ತಕ ನೋಡಿಯೇ ಕಲಿತವರು.

ಹಂತ 1: ಜಾಗ ಹುಡುಕಿ

ದೇವಸ್ಥಾನದ ಕನಸು ಸದ್ಯಕ್ಕೆ ಬಿಡಿ. ಬೇಕಿರುವುದು ಒಂದು ಲರಾರಿಯಮ್, ಅಂದರೆ ಲಾರ್‌ಗಳ ಗೂಡು. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಊರು ಪಾಂಪೇಯಲ್ಲಿ ಇಂಥವು ನೂರಾರು ಸಿಕ್ಕಿವೆ. ಕೆಲವು ಅಮೃತಶಿಲೆಯ ಪುಟ್ಟ ಗುಡಿ, ಕೆಲವು ಗೋಡೆಯಲ್ಲಿ ಸುಮ್ನೆ ಒಂದು ಮಾಡ, ಇನ್ನು ಕೆಲವು ಒಲೆಯ ಪಕ್ಕ ಬಳಿದ ಬರೀ ಚಿತ್ರ. ವೆಟ್ಟಿ ಮನೆ ಅಂತ ಹೆಸರಾದ ಶ್ರೀಮಂತರ ಮನೆಯಲ್ಲೂ ಚೆಂದದ ಲರಾರಿಯಮ್ ಇರುವುದು ಅಡುಗೆಮನೆ ಕಡೆಯ ಚಿಕ್ಕ ಅಂಗಳದಲ್ಲಿ. ಅದರ ಚಿತ್ರ ಒಮ್ಮೆ ಹುಡುಕಿ ನೋಡಿ, ಅರ್ಧ ಪಾಠ ಅದರಲ್ಲೇ ಇದೆ. ನಡುವೆ ತಲೆ ಮೇಲೆ ಬಟ್ಟೆ ಹೊದ್ದು ನಿಂತವನು ಗೆನಿಯುಸ್. ಮನೆ ಯಜಮಾನನ ಜೀವಶಕ್ತಿ ಅನ್ನಬಹುದು. ಕೈಯಲ್ಲಿ ತಟ್ಟೆ, ಧೂಪದ ಡಬ್ಬಿ. ಎರಡೂ ಬದಿ ಕುಡಿಯುವ ಕೊಂಬನ್ನು ಎತ್ತಿ ಹಿಡಿದು ಕುಣಿಯುವ ಹುಡುಗರು ಲಾರ್‌ಗಳು. ಕೆಳಗೆ ಕಾಣಿಕೆಯತ್ತ ಹರಿದು ಬರುವ ದಪ್ಪ ಹಾವು. ನಾಗರ ಕಲ್ಲು ನೋಡಿ ಬೆಳೆದ ನಮಗೆ ಆ ಹಾವನ್ನು ಯಾರೂ ವಿವರಿಸಬೇಕಿಲ್ಲ.

ಕಪಾಟಿನ ಒಂದು ಹಲಗೆ ಸಾಕು. ಅಡುಗೆಮನೆಗೆ ಹತ್ತಿರ ಇದ್ದರೆ ಒಳ್ಳೆಯದು, ಯಾಕೆಂದರೆ ವೆಸ್ತಾ ಒಲೆಯ ದೇವತೆ, ಪೆನಾತೇಸ್ ಉಗ್ರಾಣದ ದೇವರುಗಳು. 'ಪೆನುಸ್' ಅಂದರೇ ಮನೆಯಲ್ಲಿ ತುಂಬಿಟ್ಟ ದಿನಸಿ. ಲಾರ್ ಜಾಗಕ್ಕೆ ಅಂಟಿದವನು, ಪೆನಾತೇಸ್ ಮನೆತನಕ್ಕೆ ಅಂಟಿದವರು. ಟ್ರಾಯ್ ಹೊತ್ತಿ ಉರಿಯುವಾಗ ರೋಮನ್ನರ ಮೂಲಪುರುಷ ಈನಿಯಸ್ ಹೊತ್ತು ತಂದದ್ದು ಪೆನಾತೇಸ್‌ರನ್ನು. ಆದ್ದರಿಂದ ಬಾಡಿಗೆ ಮನೆ ಬದಲಿಸಿದಾಗ ನಾನು ಮಾಡುವುದು ಹೀಗೆ: ಗೂಡನ್ನು ಜೊತೆಗೆ ಒಯ್ಯುತ್ತೇನೆ. ಹೊಸ ಮನೆಯಲ್ಲಿ ಮೊದಲ ಸಂಜೆಯೇ ಅಲ್ಲಿನ ಲಾರ್‌ಗೆ ಒಂದು ಹೂಮಾಲೆ ಇಟ್ಟು, ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತೇನೆ. ತೋಟಕ್ಕೆ ಬಂದ ಯಜಮಾನ ಮೊದಲು ಮನೆಯ ಲಾರ್‌ಗೆ ನಮಸ್ಕರಿಸಬೇಕು, ಆಮೇಲೆ ಹೊಲ ನೋಡಲು ಹೋಗಬೇಕು ಅಂತ ಕ್ರಿ.ಪೂ. 2ನೆಯ ಶತಮಾನದ ಕ್ಯಾಟೋ ತನ್ನ ಬೇಸಾಯದ ಪುಸ್ತಕದಲ್ಲಿ ಬರೆದಿದ್ದಾನೆ. ಈ ಕ್ಯಾಟೋ ಮುಂದೆಯೂ ಬರುತ್ತಾನೆ. ಮಹಾ ಜಿಪುಣ, ಗಡಸು ಮನುಷ್ಯ. ಆದರೆ ಮನೆಪೂಜೆಯ ಮಾತುಗಳನ್ನು ಅಕ್ಷರಕ್ಷರ ಬರೆದಿಟ್ಟವನು ಅವನೇ.

ಹಂತ 2: ಸಾಮಾನು

ಜಾಸ್ತಿ ಏನೂ ಬೇಡ. ದೀಪ ಒಂದು, ಎಣ್ಣೆಯದು. ಆಳವಿಲ್ಲದ ತಟ್ಟೆ ಒಂದು, ಅವರ ಮಾತಿನಲ್ಲಿ 'ಪಾತೆರಾ', ದ್ರಾಕ್ಷಾರಸ ಎರೆಯಲು. ಉಪ್ಪಿನ ಬಟ್ಟಲು. ಧೂಪದ ಡಬ್ಬಿ. ಕೆಂಡ ಇಡಲು ಮಣ್ಣಿನದೋ ಹಿತ್ತಾಳೆಯದೋ ಬಟ್ಟಲು, ತಳದಲ್ಲಿ ಒಂದಿಂಚು ಮರಳು. ಮರಳು ಮರೆಯಬೇಡಿ. ನಾನು ಮರೆತು ಕಪಾಟಿನ ಹಲಗೆಯ ಮೇಲೆ ದುಂಡಗೆ ಸುಟ್ಟ ಗುರುತು ಮಾಡಿಕೊಂಡಿದ್ದೇನೆ. ಈಗಲೂ ಅದರ ಮೇಲೆ ಬಟ್ಟಲಿಟ್ಟು ಮುಚ್ಚುತ್ತೇನೆ.

ಧೂಪ ಅಂದರೆ ಅಗರಬತ್ತಿ ಅಲ್ಲ. ರೋಮನ್ನರ 'ತೂಸ್' ಅಂದರೆ ಅರೇಬಿಯಾ, ಸೊಮಾಲಿಯಾ ಕಡೆಯ ಮರದ ಅಂಟು. ನಮ್ಮ ಅಂಗಡಿಗಳಲ್ಲಿ ಲೋಬಾನ ಅಂತ ಕೇಳಿದರೆ ಒಮ್ಮೊಮ್ಮೆ ಅದನ್ನೂ ಒಮ್ಮೊಮ್ಮೆ ಸಾಂಬ್ರಾಣಿಯನ್ನೂ ಕೊಡುತ್ತಾರೆ. ಸಾಂಬ್ರಾಣಿ ಬೇರೆ ಮರದ್ದು. ಒಮಾನಿನಿಂದ ಬಂದದ್ದು ಇದೆಯಾ ಅಂತ ಕೇಳಿ ನೋಡಿ. ತಿಳಿ ಹಳದಿ ಹರಳು, ಕೆಂಡದ ಮೇಲೆ ಬಿದ್ದ ಕೂಡಲೇ ಬುರುಬುರು ಕರಗಿ ನಿಂಬೆ ಸಿಪ್ಪೆಯಂಥ ವಾಸನೆ ಬರುತ್ತದೆ. ಕಡಲೆಕಾಳಿನಷ್ಟು ಹಾಕಿ. ಮುಷ್ಟಿ ಹಾಕಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ.

ದ್ರಾಕ್ಷಾರಸ ಬೇಡ ಅನ್ನುವವರಿಗೆ ಹಾಲು ಇದೆ. ರೋಮ್ ಕಟ್ಟಿದ ರೋಮುಲುಸ್ ಎರೆದದ್ದು ಹಾಲನ್ನು, ದ್ರಾಕ್ಷಾರಸವನ್ನಲ್ಲ ಅಂತ ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಅದಕ್ಕಿಂತ ಹಳೆಯ ಸಾಕ್ಷಿ ಬೇಕಾ? ಹಾಗೆಯೇ ಪ್ರಾಣಿಬಲಿ. ಊರ ದೇವಸ್ಥಾನಗಳಲ್ಲಿ ಅದೇ ಮುಖ್ಯ ಪೂಜೆಯಾಗಿತ್ತು, ಮುಚ್ಚಿಡುವಂಥದ್ದೇನಲ್ಲ. ಈಗಿನವರಲ್ಲಿ ಬಹುತೇಕರು ಮಾಡುವುದಿಲ್ಲ. ರೋಮುಲುಸ್ ನಂತರದ ರಾಜ ನೂಮಾ ರಕ್ತವಿಲ್ಲದ ಪೂಜೆ ಕಲಿಸಿದ ಎಂಬ ಹಳೆಯ ಐತಿಹ್ಯವನ್ನು ಅವರು ಮುಂದಿಡುತ್ತಾರೆ. ಮನೆಪೂಜೆಗಂತೂ ಧೂಪ, ದ್ರಾಕ್ಷಾರಸ, ಹಿಟ್ಟಿನ ತಿಂಡಿ ಧಾರಾಳವಾಯಿತು.

ಈ ಸಾಮಾನುಗಳ ಚಿತ್ರ ನಮ್ಮ ನೆಲಕ್ಕೆ ಎಂದೋ ಬಂದಿದೆ ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತ್ತು. ಭಾರತದಲ್ಲಿ ಜಾಸ್ತಿ ಸಿಗುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಚಕ್ರವರ್ತಿ ಆಗಸ್ಟಸ್‌ನದು ಒಂದು ಬಗೆ ಇದೆ. ಹಿಂಬದಿಯಲ್ಲಿ ಅವನ ಇಬ್ಬರು ದತ್ತುಮಕ್ಕಳು, ನಡುವೆ ಗುರಾಣಿ, ಈಟಿ. ಅವುಗಳ ಮೇಲೆ ಗಮನಿಸಿ ನೋಡಿದರೆ ಎರಡು ಪುಟ್ಟ ವಸ್ತು ಕಾಣುತ್ತವೆ. ಒಂದು ದ್ರಾಕ್ಷಾರಸ ಮೊಗೆಯುವ ಉದ್ದ ಹಿಡಿಯ ಸೌಟು. ಇನ್ನೊಂದು ತುದಿ ಸುರುಳಿಯಾದ ಕೋಲು, ಹಕ್ಕಿ ಶಕುನ ನೋಡುವ ಪುರೋಹಿತರದ್ದು. ಮೆಣಸಿಗೆ ಬೆಲೆಯಾಗಿ ಬಂದ ಬೆಳ್ಳಿಯ ಮೇಲೆ ಪೂಜೆ ಸಾಮಾನು!

ಹಂತ 3: ದಿನ ಲೆಕ್ಕ ಕಲಿಯಿರಿ

ಹೊಸಬರು ಎಡವುವುದು ಇಲ್ಲೇ. ರೋಮನ್ ತಿಂಗಳಿಗೆ ಮೂರು ಗೂಟ. ಒಂದನೆಯ ತಾರೀಖು ಕಲೆಂದೇ. ಐದು ಅಥವಾ ಏಳನೆಯದು ನೋನೇ. ಹದಿಮೂರು ಅಥವಾ ಹದಿನೈದನೆಯದು ಈದುಸ್. ಮಾರ್ಚ್, ಮೇ, ಜುಲೈ, ಅಕ್ಟೋಬರ್ ಈ ನಾಲ್ಕರಲ್ಲಿ 7 ಮತ್ತು 15. ಉಳಿದ ಎಂಟರಲ್ಲಿ 5 ಮತ್ತು 13. ಮೂಲದಲ್ಲಿ ಇವು ಚಂದ್ರನ ಅಮಾವಾಸ್ಯೆ, ಅರ್ಧ, ಹುಣ್ಣಿಮೆಗೆ ಕಟ್ಟಿದ ದಿನಗಳು. ಆಮೇಲೆ ಕ್ಯಾಲೆಂಡರ್ ಚಂದ್ರನ ಕೈಬಿಟ್ಟಿತು, ಹೆಸರು ಉಳಿಯಿತು.

ಕಲೆಂದೇ ಯೂನೋ ಮತ್ತು ಯಾನುಸ್‌ಗೆ. ಈದುಸ್ ಯುಪ್ಪಿತೆರ್‌ಗೆ. ಕಲೆಂದೇ, ನೋನೇ, ಈದುಸ್ ಈ ಮೂರು ದಿನ ಮತ್ತು ಹಬ್ಬದ ದಿನ ತೋಟದ ಮನೆವಾಳ್ತೆ ನೋಡುವ ಹೆಂಗಸು ಒಲೆಯ ಮೇಲೆ ಹೂಮಾಲೆ ಇಡಬೇಕು, ಮನೆಯ ಲಾರ್‌ಗೆ 'ತುಂಬಿರಲಿ' ಅಂತ ಬೇಡಿಕೊಳ್ಳಬೇಕು ಎಂದು ಕ್ಯಾಟೋ ಬರೆಯುತ್ತಾನೆ. ದಿನವೂ ಮಲಗುವ ಮುಂಚೆ ಒಲೆಯ ಸುತ್ತ ಗುಡಿಸಿ ಚೊಕ್ಕ ಮಾಡಬೇಕು ಅಂತಲೂ ಹೇಳುತ್ತಾನೆ. ಹೊಸಬರು ಇದನ್ನೇ ಹಿಡಿಯಿರಿ: ತಿಂಗಳಿಗೆ ಮೂರು ಪೂಜೆ, ದಿನಾ ರಾತ್ರಿ ಸ್ಟವ್ ಒರೆಸುವುದು. ದಿನಕ್ಕೆ ಎರಡು ಪೂಜೆ ಅಂತ ಹುರುಪಿನಲ್ಲಿ ಶುರು ಮಾಡಿ ಮೂರನೇ ವಾರ ನಿಲ್ಲಿಸಿದವರನ್ನು ನೋಡಿದ್ದೇನೆ. ಕನ್ನಡಿಯಲ್ಲೇ.

ಈ ಮೂರರ ಮರುದಿನ, ಅಂದರೆ 2, 6 ಅಥವಾ 8, 14 ಅಥವಾ 16, ಕಪ್ಪು ದಿನ. ಹೊಸ ಕೆಲಸ ಬೇಡ. ಗೂಡು ಪ್ರತಿಷ್ಠೆಯಂತೂ ಬೇಡವೇ ಬೇಡ.

ಹಬ್ಬದ ತಾರೀಖುಗಳನ್ನು ಓದುವಾಗ ನೆನಪಿಡಿ: ರೋಮನ್ನರು ಹಿಂದಕ್ಕೆ ಎಣಿಸುತ್ತಾರೆ, ಎರಡೂ ತುದಿಯ ದಿನ ಸೇರಿಸಿ ಎಣಿಸುತ್ತಾರೆ. ಮಾರ್ಚ್ 12 ಅವರಿಗೆ 'ಈದುಸ್‌ಗೆ ನಾಲ್ಕು ದಿನ ಮುಂಚೆ'. ನಮ್ಮ ಲೆಕ್ಕದಲ್ಲಿ ಮೂರೇ. 12, 13, 14, 15 ಅಂತ ಬೆರಳು ಮಡಚಿ ನೋಡಿ, ನಾಲ್ಕು ಬರುತ್ತದೆ. ಜೂಲಿಯನ್ ಕ್ಯಾಲೆಂಡರ್‌ಗೂ ಈಗಿನದಕ್ಕೂ 13 ದಿನದ ಅಂತರ ಇದೆಯಲ್ಲ ಅಂತ ಕೆಲವರು ತಲೆಕೆಡಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಗೋಡೆಯ ಕ್ಯಾಲೆಂಡರ್‌ನ ತಾರೀಖನ್ನೇ ಹಿಡಿಯುವುದು ರೂಢಿ.

ಹಂತ 4: ಪೂಜೆ

ಒಂದು ಕಲೆಂದೇ ದಿನ ಬೆಳಗ್ಗೆ ಅಂತ ಇಟ್ಟುಕೊಳ್ಳಿ. ಸ್ನಾನ ಆಗಿದೆ. ಕೆಂಡ ಬೂದಿ ಕಟ್ಟಿ ಕೆಂಪಗಿದೆ. ಫೋನ್ ಬೇರೆ ಕೋಣೆಯಲ್ಲಿ ಇದೆ. ಇದು ಸುಮ್ನೆ ಹೇಳಿದ್ದಲ್ಲ. ರೋಮನ್ನರು ಪೂಜೆ ನಡುವೆ ಕೆಟ್ಟ ಸದ್ದು ಕಿವಿಗೆ ಬೀಳದಿರಲಿ ಅಂತ ಕೊಳಲು ಊದಿಸುತ್ತಿದ್ದರು. 'ಫವೇತೆ ಲಿಂಗ್ವಿಸ್' ಅಂತ ಕೂಗಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು.

ಹರಿಯುವ ನೀರಲ್ಲಿ ಕೈ ತೊಳೆಯಿರಿ. ನಲ್ಲಿ ನಡೆಯುತ್ತದೆ. ತಲೆಗೆ ಬಟ್ಟೆ ಹೊದೆಯಿರಿ. ರೋಮನ್ನರ ಹೊದೆಬಟ್ಟೆ ಟೋಗಾದ ಸೆರಗನ್ನು ತಲೆಗೆ ಎಳೆದುಕೊಳ್ಳುವುದು ರೋಮನ್ ಕ್ರಮ. ಬರಿತಲೆ ಗ್ರೀಕ್ ಕ್ರಮ. ಸಾತುರ್ನುಸ್, ಅಪೊಲ್ಲೊ ಪೂಜೆಗೆ ಬರಿತಲೆ. ಟೋಗಾ ಹೊಲಿಸಲು ಓಡಬೇಡಿ, ಒಂದು ಶಾಲು ಅಥವಾ ಟವೆಲ್ ಸಾಕು.

ಮೊದಲು ಯಾನುಸ್, ಕೊನೆಗೆ ವೆಸ್ತಾ. ಬಾಗಿಲು ತೆರೆಯುವವನು ಮೊದಲು, ಒಲೆಯವಳು ಕೊನೆಗೆ. ಈ ಅನುಕ್ರಮ ತಪ್ಪಿಸಬೇಡಿ. ಅಂಗೈ ಮೇಲಕ್ಕೆ ಮಾಡಿ, ಕ್ಯಾಟೋನ ಮಾತನ್ನು ಧೂಪಕ್ಕೆ ಹೊಂದಿಸಿಕೊಂಡು ಹೀಗೆ ಹೇಳುತ್ತಾರೆ:

"ಯಾನೆ ಪಾತೆರ್, ತೇ ಹೋಕ್ ತೂರೆ ಓಮ್ಮೊವೆಂದೋ ಬೊನಾಸ್ ಪ್ರೆಕೇಸ್ ಪ್ರೆಕೊರ್, ಉತೀ ಸಿಏಸ್ ವೊಲೇನ್ಸ್ ಪ್ರೊಪಿತಿಯುಸ್ ಮಿಹಿ ಲೀಬೆರೀಸ್‌ಕ್ವೆ ಮೇಈಸ್, ದೊಮೋ ಫಮಿಲಿಐಕ್ವೆ ಮೇಐ."

ಅಂದರೆ: ಯಾನುಸ್ ಅಪ್ಪಾ, ಈ ಧೂಪ ಕೊಡುತ್ತಾ ಒಳ್ಳೆಯ ಮಾತಲ್ಲಿ ನಿನ್ನನ್ನು ಬೇಡುತ್ತೇನೆ, ನನಗೂ ನನ್ನ ಮಕ್ಕಳಿಗೂ ನನ್ನ ಮನೆಮಂದಿಗೂ ನೀನು ಮನಸಾರೆ ಒಲಿದಿರು. ಧೂಪದ ಹರಳು ಕೆಂಡದ ಮೇಲೆ. ಹೊಗೆ ಏಳಲಿ, ಅವಸರ ಬೇಡ. ಆಮೇಲೆ ತಟ್ಟೆಗೆ ದ್ರಾಕ್ಷಾರಸ ಎರೆಯುತ್ತಾ ಎರಡನೆಯ ಮಾತು. ಅದರ ತಿರುಳು: ಧೂಪ ಕೊಟ್ಟು ಚೆನ್ನಾಗಿ ಬೇಡಿಕೊಂಡೆನಲ್ಲ, ಅದೇ ಕಾರಣಕ್ಕೆ ಈ ದ್ರಾಕ್ಷಾರಸದಿಂದ ನಿನ್ನ ಹಿರಿಮೆ ಹೆಚ್ಚಲಿ. ಈ ಮಾತಿನಲ್ಲಿ ಬರುವ 'ಮಾಕ್ತೆ' ಶಬ್ದದ ಅರ್ಥ ಸುಮಾರಾಗಿ 'ಬೆಳೆದವನಾಗು' ಅಂತ. ಮನುಷ್ಯ ಕೊಟ್ಟದ್ದರಿಂದ ದೇವರು ಬೆಳೆಯುತ್ತಾನೆ ಅನ್ನುವ ಆ ಲೆಕ್ಕಾಚಾರ ನನಗೆ ಮೊದಲ ಸಲ ಓದಿದಾಗಲೇ ಹಿಡಿಸಿತು.

ಇದೇ ಅಚ್ಚಿನಲ್ಲಿ ಯುಪ್ಪಿತೆರ್, ದಿನದ ದೇವತೆ ಯೂನೋ, ಲಾರ್, ಪೆನಾತೇಸ್, ಗೆನಿಯುಸ್, ಕೊನೆಗೆ ವೆಸ್ತಾ. ಲ್ಯಾಟಿನ್ ನಾಲಿಗೆಗೆ ಹತ್ತದಿದ್ದರೆ ಕನ್ನಡದಲ್ಲೇ ಹೇಳಿ. ಅಚ್ಚು ಮುಖ್ಯ: ಯಾರನ್ನು ಕರೆಯುತ್ತೀರಿ, ಏನು ಕೊಡುತ್ತೀರಿ, ಯಾಕೆ, ಯಾರಿಗಾಗಿ ಏನು ಬೇಕು. ವಕೀಲರ ನೋಟಿಸ್ ತರಹ ನಿಖರ. ಯಾವ ದೇವರು ಅಂತ ಗೊತ್ತಿಲ್ಲದ ಜಾಗದಲ್ಲಿ ಮರ ಕಡಿಯುವಾಗ ಹೇಳಲು ಕ್ಯಾಟೋ ಒಂದು ಮಾತು ಕೊಟ್ಟಿದ್ದಾನೆ: "ನೀನು ದೇವನಾಗಿರು, ದೇವಿಯಾಗಿರು, ಈ ಜಾಗ ಯಾರಿಗೆ ಸೇರಿದ್ದೋ ಅವರಿಗೆ." ಇಷ್ಟು ಎಚ್ಚರಿಕೆಯ ಪ್ರಾರ್ಥನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಗಿಸುವಾಗ ಬಲಗೈಯನ್ನು ತುಟಿಗೆ ತಂದು, ಬಲಕ್ಕೆ ಒಂದು ಸುತ್ತು ತಿರುಗಿ. ಆಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಪೂಜೆ ಆದಮೇಲೆ ಕೂರಬೇಕು ಎಂಬುದು ನೂಮಾ ಮಾಡಿದ ನಿಯಮಗಳಲ್ಲಿ ಒಂದು ಅಂತ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುತ್ತಾನೆ. ಒಟ್ಟು ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ.

ಹಂತ 5: ಲೀಬುಮ್ ಬೇಯಿಸಿ

ದೇವರಿಗೆ ಇಡುವ ತಿಂಡಿಗಳಲ್ಲಿ ಅಳತೆ ಸಮೇತ ನಮಗೆ ಸಿಕ್ಕಿರುವುದು ಲೀಬುಮ್. ಪಾಕ ಕ್ಯಾಟೋನದೇ. ಎರಡು ಪೌಂಡ್ ಚೀಸನ್ನು ಒರಳಲ್ಲಿ ಚೆನ್ನಾಗಿ ಅರೆಯಬೇಕು, ಒಂದು ಪೌಂಡ್ ನಯವಾದ ಗೋಧಿ ಹಿಟ್ಟು, ಮೆತ್ತಗೆ ಬೇಕಿದ್ದರೆ ಅರ್ಧ ಪೌಂಡ್, ಒಂದು ಮೊಟ್ಟೆ. ಕಲಸಿ ಉಂಡೆ ಮಾಡಿ, ಕೆಳಗೆ ಎಲೆ ಹಾಸಿ, ಬಿಸಿ ಒಲೆಯ ಮೇಲೆ ಮಡಕೆ ಮುಚ್ಚಿ ನಿಧಾನವಾಗಿ ಬೇಯಿಸಬೇಕು. ಅಷ್ಟೇ. ರೋಮನ್ ಪೌಂಡ್ ಸುಮಾರು 327 ಗ್ರಾಂ. ಹಾಗಾಗಿ ಚಿಕ್ಕ ಮನೆಗೆ 160 ಗ್ರಾಂ ಚೀಸ್, 60 ಗ್ರಾಂ ಹಿಟ್ಟು, ಅರ್ಧ ಮೊಟ್ಟೆಗಿಂತ ಕಡಿಮೆ ಸಾಕು.

ನನ್ನ ಮೊದಲ ಲೀಬುಮ್‌ಗೆ ಅಂಗಡಿಯ ಪ್ರಾಸೆಸ್ಡ್ ಚೀಸ್ ತುರಿದು ಹಾಕಿದ್ದೆ. ಎಣ್ಣೆ ಬಿಟ್ಟುಕೊಂಡು, ಹರಡಿ, ತಣ್ಣಗಾದ ಮೇಲೆ ಹವಾಯಿ ಚಪ್ಪಲಿಯ ಅಟ್ಟೆ ಆಯಿತು. ದೇವರಿಗೆ ಇಡಲು ಧೈರ್ಯ ಬರಲಿಲ್ಲ. ಎರಡನೆಯ ಸಲ ಅಂಗಡಿ ಪನೀರ್, ಆಗ ಒಣ ಇಟ್ಟಿಗೆ. ಸರಿಯಾದದ್ದು ಮನೆಯಲ್ಲೇ ಹಾಲು ಒಡೆಸಿ, ಬಟ್ಟೆಯಲ್ಲಿ ಅರ್ಧ ಗಂಟೆ ಮಾತ್ರ ತೂಗುಹಾಕಿ, ಇನ್ನೂ ಒದ್ದೆಯಿರುವಾಗಲೇ ಅಂಗೈಯ ಬುಡದಿಂದ ನಾದಿದಾಗ. ರಸಗುಲ್ಲಕ್ಕೆ ನಾದುವಷ್ಟು. ಹಿಟ್ಟು ಕಡಿಮೆಯೇ ಇರಲಿ, ಕೈಗೆ ಅಂಟಿದರೂ ಪರವಾಗಿಲ್ಲ. ಓವನ್ ಇದ್ದರೆ 180 ಡಿಗ್ರಿಯಲ್ಲಿ ಮೇಲ್ಮೈ ಕೆಂಪಗಾಗುವವರೆಗೆ, ಅರ್ಧ ಗಂಟೆ ಆಸುಪಾಸು. ಇಲ್ಲದಿದ್ದರೆ ದಪ್ಪ ತಳದ ಬಾಣಲೆ, ಸಣ್ಣ ಉರಿ, ಮುಚ್ಚಳ. ಎಲೆ ಯಾವುದು ಅಂತ ಕ್ಯಾಟೋ ಇಲ್ಲಿ ಹೇಳಿಲ್ಲ. ಈಗಿನವರು ಲಾರೆಲ್ ಎಲೆ ಹಾಕುತ್ತಾರೆ. ನಮ್ಮ ಪಲಾವ್ ಎಲೆ ಅದಲ್ಲ, ದಾಲ್ಚಿನ್ನಿಯ ನೆಂಟ. ಆದರೂ ಘಮ ಚೆನ್ನಾಗಿಯೇ ಬರುತ್ತದೆ. ಮೇಲೆ ಜೇನು ಸವರುವುದು ಈಗಿನ ರೂಢಿ. ನಾನಂತೂ ಸವರುತ್ತೇನೆ.

ತಿಂಡಿಯ ಒಂದು ತುಂಡನ್ನು ಬೆಂಕಿಗೆ ಹಾಕಬೇಕು. ಉಳಿದದ್ದನ್ನು ತಿನ್ನಬಹುದು, ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಪ್ರಸಾದದಲ್ಲಿ ಮನೆಯ ಅನ್ನ ದೇವರನ್ನು ಮುಟ್ಟಿ ಪವಿತ್ರವಾಗಿ ನಮ್ಮ ಕೈಗೆ ಬರುತ್ತದೆ. ರೋಮನ್ನರಲ್ಲಿ ದಾರಿ ಉಲ್ಟಾ. ಇಟ್ಟ ಕೂಡಲೇ ಅದು ದೇವರ ಸೊತ್ತು, ಮುಟ್ಟುವಂತಿಲ್ಲ. ದೇವರ ಪಾಲು ಸಂದ ಮೇಲೆ ಉಳಿದದ್ದನ್ನು ಮತ್ತೆ ಮನುಷ್ಯರ ಲೋಕಕ್ಕೆ ಇಳಿಸಬೇಕು. ಆ ಕೆಲಸಕ್ಕೆ ಕ್ಯಾಟೋ 'ಪ್ರೊಫಾನಾರೆ' ಎಂಬ ಶಬ್ದ ಬಳಸುತ್ತಾನೆ. ಹಾಗೆ ಇಳಿಸಿದ್ದನ್ನು ಮಾತ್ರ ತಿನ್ನಬೇಕು. ಸತ್ತವರಿಗೆ, ಪಾತಾಳದ ದೇವರಿಗೆ ಕೊಟ್ಟದ್ದನ್ನು ತಿನ್ನುವುದೇ ಇಲ್ಲ.

ದಿನದ ಊಟಕ್ಕೂ ಒಂದು ಪುಟ್ಟ ಕ್ರಮ ಇತ್ತು. ಮುಖ್ಯ ಊಟ ಆದಮೇಲೆ ಎಲ್ಲರೂ ಸುಮ್ಮನಾಗುತ್ತಿದ್ದರು. ಒಂದಿಷ್ಟು ಊಟವನ್ನು ಒಲೆಗೆ ಹಾಕಿದ ಮೇಲೆ ಒಬ್ಬ ಹುಡುಗ "ದೇವರು ಒಲಿದರು" ಅಂತ ಕೂಗಿದರೆ ಮತ್ತೆ ಮಾತು ಶುರು. ಮಕ್ಕಳಿರುವ ಮನೆಯಲ್ಲಿ ಇದನ್ನು ಮಾಡಿ ನೋಡಿ. ಕೂಗುವ ಸರದಿಗೆ ಜಗಳವಾಗುತ್ತದೆ.

ಹಂತ 6: ತಪ್ಪಾದರೆ

ಆಗಿಯೇ ಆಗುತ್ತದೆ. ಕ್ರಿ.ಪೂ. 176ರಲ್ಲಿ ಆಲ್ಬಾನ್ ಬೆಟ್ಟದ ಲ್ಯಾಟಿನ್ ಹಬ್ಬದಲ್ಲಿ ಲಾನುವಿಯಮ್ ಊರಿನ ಅಧಿಕಾರಿ ಪ್ರಾರ್ಥನೆಯಲ್ಲಿ 'ರೋಮನ್ ಪ್ರಜೆಗಳಿಗಾಗಿ' ಎಂಬ ಮಾತನ್ನೇ ಬಿಟ್ಟುಬಿಟ್ಟ. ವಿಷಯ ಸೆನೆಟ್‌ಗೆ ಹೋಯಿತು, ಅಲ್ಲಿಂದ ಪುರೋಹಿತರ ಮಂಡಳಿಗೆ ಹೋಯಿತು. ಹಬ್ಬ ಪೂರ್ತಿ ಮತ್ತೆ ಮಾಡಬೇಕು, ಬಲಿಪ್ರಾಣಿಗಳನ್ನು ಲಾನುವಿಯಮ್‌ನವರೇ ಕೊಡಬೇಕು ಅಂತ ತೀರ್ಪಾಯಿತು. ಅದೇ ಹೊತ್ತಿಗೆ ಒಬ್ಬ ಕಾನ್ಸುಲ್ (ರೋಮಿನ ಅತ್ಯುನ್ನತ ಅಧಿಕಾರಿ) ಬೆಟ್ಟದಿಂದ ಇಳಿದು ಬರುವಾಗ ಕಾಯಿಲೆ ಬಿದ್ದು ಸತ್ತದ್ದು ಎಲ್ಲರ ಹೆದರಿಕೆ ಹೆಚ್ಚಿಸಿತು.

ಮನೆಯಲ್ಲಿ ಅಷ್ಟು ರಂಪ ಬೇಕಿಲ್ಲ. ಮಾತು ತಪ್ಪಿದರೆ ನಿಲ್ಲಿಸಿ, ಅದೇ ದೇವರಿಂದ ಮತ್ತೆ ಹೇಳಿ. ಕೆಂಡ ಆರಿದರೆ, ತಟ್ಟೆ ಬಿದ್ದರೆ ಕೊನೆಯಲ್ಲಿ ಇನ್ನೊಂದು ಹರಳು ಹಾಕಿ ಪ್ರಾಯಶ್ಚಿತ್ತ ಹೇಳಿ. ಅದಕ್ಕೂ ಕ್ಯಾಟೋ ಇದ್ದಾನೆ: "ಆ ಕಾಣಿಕೆಯಲ್ಲಿ ನಿನಗೆ ಏನಾದರೂ ತೃಪ್ತಿಯಾಗದಿದ್ದರೆ, ಇದರಿಂದ ಸರಿಮಾಡಿಕೊಳ್ಳುತ್ತೇನೆ." ತಪ್ಪಾಗದಿದ್ದರೂ ನಾನು ಇದನ್ನು ಪ್ರತಿ ಸಲ ಸೇರಿಸುತ್ತೇನೆ. ಊಟದಲ್ಲಿ ಕೈಜಾರಿ ಬಿದ್ದ ತುತ್ತನ್ನು ಮತ್ತೆ ಮೇಜಿಗಿಟ್ಟು, ಲಾರ್‌ನ ಬೆಂಕಿಗೆ ಹಾಕಿ ದೋಷ ಕಳೆಯುತ್ತಿದ್ದರು ಅಂತ ಪ್ಲಿನಿ ಹೇಳುತ್ತಾನೆ. ರೋಮನ್ನರಿಗೆ ತಪ್ಪು ಅಂದರೆ ಪಾಪ ಅಲ್ಲ, ಬಾಕಿ. ತೀರಿಸಿದರೆ ಆಯಿತು.

ಹಂತ 7: ಗುಂಪು ಸೇರುವ ಮುನ್ನ

ಒಂದು ವರ್ಷ ಒಬ್ಬರೇ ಮಾಡಿ, ಆಮೇಲೆ ಗುಂಪು ಹುಡುಕಿ. ರೋಮನ್ ಚಿಹ್ನೆಗಳನ್ನು ಮುಸೊಲಿನಿಯ ಕಾಲದಿಂದಲೂ ಬಲಪಂಥದ ಉಗ್ರರು ಹೊತ್ತು ತಿರುಗಿದ್ದಾರೆ. 'ಫ್ಯಾಸಿಸಂ' ಎಂಬ ಹೆಸರೂ ರೋಮನ್ ಅಧಿಕಾರಿಗಳ ಮುಂದೆ ಹಿಡಿಯುತ್ತಿದ್ದ ಕೋಲಿನ ಕಟ್ಟು 'ಫಾಸ್ಕೇಸ್' ಜೊತೆ ತಳಕು ಹಾಕಿಕೊಂಡಿದೆ. ಆ ಗಾಳಿ ಇಂದಿನ ಕೆಲವು ವಲಯಗಳಲ್ಲೂ ಬೀಸುತ್ತದೆ. ಯಾರಾದರೂ ರಕ್ತ, ಜನಾಂಗ ಅಂತ ಮಾತು ತೆಗೆದರೆ ಎದ್ದು ಬನ್ನಿ. ಇತಿಹಾಸವೂ ಅವರ ಕಡೆ ಇಲ್ಲ. ಕ್ರಿ.ಪೂ. 204ರಲ್ಲಿ, ಶತ್ರು ಸೇನಾಪತಿ ಹ್ಯಾನಿಬಲ್ ಇನ್ನೂ ಇಟಲಿಯಲ್ಲಿರುವಾಗ, ರೋಮನ್ನರು ಈಗಿನ ಟರ್ಕಿ ಸೀಮೆಯಿಂದ ಒಂದು ಕಪ್ಪು ಕಲ್ಲನ್ನು ಹಡಗಿನಲ್ಲಿ ತರಿಸಿ ಮಹಾತಾಯಿ ಅಂತ ಪಾಲಟೈನ್ ಗುಡ್ಡದ ಮೇಲೆ ಕೂರಿಸಿದರು. ಈಜಿಪ್ಟಿನ ದೇವತೆ ಐಸಿಸ್‌ಗೆ ಪಾಂಪೇಯಲ್ಲೇ ದೇವಸ್ಥಾನ ಇತ್ತು. ನಿಮ್ಮ ಮನೆದೇವರನ್ನು ಬಿಡಬೇಕು ಅಂತಲೂ ಯಾರೂ ಹೇಳುವಂತಿಲ್ಲ.

ಹಂತ 8: ವರ್ಷದಲ್ಲಿ ಎರಡು ಸಲ ಸತ್ತವರ ಕಡೆ

ಹಬ್ಬಗಳು ನೂರಿವೆ. ಡಿಸೆಂಬರ್ 17ರ ಸಾತುರ್ನಾಲಿಯಾ ಎಲ್ಲರಿಗೂ ಗೊತ್ತು, ಜೂನ್ 9ರ ವೆಸ್ತಾಲಿಯಾ ಸುಲಭ. ಹೊಸಬರು ಬಿಡಬಾರದು ಅನ್ನಿಸುವುದು ಮಾತ್ರ ಎರಡು.

ಮೇ 9, 11, 13 ಲೆಮೂರಿಯಾ. ಕವಿ ಓವಿಡ್ ಬರೆದಂತೆ, ನಡುರಾತ್ರಿ ಯಜಮಾನ ಬರಿಗಾಲಲ್ಲಿ ಏಳುತ್ತಾನೆ. ಹೆಬ್ಬೆರಳನ್ನು ಬೆರಳುಗಳ ನಡುವೆ ತೂರಿಸಿ ಮುದ್ರೆ ಹಿಡಿಯುತ್ತಾನೆ. ಕೈ ತೊಳೆದು, ಕಪ್ಪು ಅವರೆಯಂಥ ಕಾಳುಗಳನ್ನು ಮುಖ ತಿರುಗಿಸಿಕೊಂಡು ಹಿಂದಕ್ಕೆ ಎಸೆಯುತ್ತಾನೆ. "ಇವನ್ನು ಎಸೆಯುತ್ತೇನೆ, ಈ ಕಾಳುಗಳಿಂದ ನನ್ನನ್ನೂ ನನ್ನವರನ್ನೂ ಬಿಡಿಸಿಕೊಳ್ಳುತ್ತೇನೆ" ಅಂತ ಒಂಬತ್ತು ಸಲ. ತಿರುಗಿ ನೋಡುವಂತಿಲ್ಲ. ನೆರಳುಗಳು ಬಂದು ಆಯ್ದುಕೊಳ್ಳುತ್ತವೆ. ಮತ್ತೆ ನೀರು ಮುಟ್ಟಿ, ಕಂಚು ಬಡಿದು, "ಹಿರಿಯರ ಆತ್ಮಗಳೇ, ಹೊರಡಿ" ಅಂತ ಒಂಬತ್ತು ಸಲ. ಅಪಾರ್ಟ್‌ಮೆಂಟಿನಲ್ಲಿ ಕಂಚನ್ನು ಮೆಲ್ಲಗೆ ಬಡಿಯಿರಿ.

ಫೆಬ್ರವರಿ 13ರಿಂದ 21 ಪಾರೆಂತಾಲಿಯಾ. ಆಗ ದೇವಸ್ಥಾನ ಮುಚ್ಚುತ್ತಿದ್ದರು, ಮದುವೆ ಮಾಡುತ್ತಿರಲಿಲ್ಲ. ಓವಿಡ್ ಕೊಡುವ ಪಟ್ಟಿ ಇಷ್ಟೇ: ಹೂಮಾಲೆ ಹೊದಿಸಿದ ಒಂದು ಹೆಂಚು, ಚೂರು ಧಾನ್ಯ, ಒಂದೆರಡು ಹರಳು ಉಪ್ಪು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ, ಬಿಡಿ ಹೂ. ಮಡಕೆ ಚೂರಿನ ಮೇಲಿಟ್ಟು ದಾರಿ ನಡುವೆ ಬಿಟ್ಟು ಬರಬೇಕು. ಸತ್ತವರು ಹೆಚ್ಚು ಕೇಳುವುದಿಲ್ಲ ಅನ್ನುತ್ತಾನೆ ಅವನು. ನಾನು ಹೆಂಚಿನ ಬದಲು ಒಡೆದ ಹೂಕುಂಡದ ಚೂರು ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ರೊಟ್ಟಿ ಇರಲಿಲ್ಲ, ಇರುವೆ ಸಾಲು ಇತ್ತು.

ಮರುದಿನ, 22, ಕಾರಿಸ್ತಿಯಾ. ಸತ್ತವರ ಕಡೆಯಿಂದ ಬಂದು ಉಳಿದವರ ಕಡೆ ತಿರುಗುವ ದಿನ. ನೆಂಟರನ್ನೆಲ್ಲ ಊಟಕ್ಕೆ ಕರೆಯಬೇಕು, ಮಾತು ಬಿಟ್ಟವರನ್ನೂ ಕರೆಯಬೇಕು. ಲಾರ್‌ಗಳಿಗೆ ಧೂಪ ಹಾಕಿ, ಒಂದು ತಟ್ಟೆ ಊಟ ಗೂಡಿನ ಮುಂದೆ ಇಡಬೇಕು. ರಾತ್ರಿ ನಿದ್ದೆ ಎಳೆಯುವ ಹೊತ್ತಿಗೆ ಎಲ್ಲರೂ ಬಟ್ಟಲು ಎತ್ತಿ "ಬೆನೆ ವೋಸ್" ಅನ್ನಬೇಕು, ನಿಮಗೆಲ್ಲ ಒಳ್ಳೆಯದಾಗಲಿ ಅಂತ. ಓವಿಡ್ ಅದರ ಜೊತೆ ಚಕ್ರವರ್ತಿಯ ಹೆಸರನ್ನೂ ಸೇರಿಸಿದ್ದಾನೆ. ಅದನ್ನು ಬಿಡಬಹುದು.